ಕೋಲಾರದ ಸೀಮೆಯನ್ನಳೆದ ಜಾನ್ ವಾರನ್

ನಮ್ಮ ಧರ್ಮಕೇಂದ್ರದ ಸಮಾಧಿಭೂಮಿಗೂ ಅದರ ಪಕ್ಕದ ಹೊಲಕ್ಕೂ ನಡುವೆ ಎಲ್ಲೆಯ ವ್ಯಾಜ್ಯವೊಂದು ಬಹುಕಾಲದಿಂದ ಹೊಗೆಯಾಡುತ್ತಿತ್ತು. ಕಡೆಗೊಂದು ಬೇಸಿಗೆಯಲ್ಲಿ ಮೋಜಣಿದಾರರು ಸರಪಳಿ ಹಿಡಿದು ಬಂದರು. ಬೆಳಿಗ್ಗೆ ಬೇಲಿಯ ಪೊದೆಗಳ ಮೇಲೆ ಹಾಯಿಸಿ ಎಳೆದಾಗ ಒಂದು ಅಳತೆ, ಮಧ್ಯಾಹ್ನ ಪೊದೆಗಳನ್ನು ಕಡಿಸಿ ನೆಲಕ್ಕೆ ಹೊಂದಿಸಿ ಎಳೆದಾಗ ಇನ್ನೊಂದು ಅಳತೆ. ಎರಡಕ್ಕೂ ಅಂತರ ಒಂದು ಮೊಳದಷ್ಟು. ಸರಪಳಿಯು ಮೂವತ್ತಮೂರು ಅಡಿ, ಅದರ ಚೌಕವೇ ಒಂದು ಗುಂಟೆ ಎಂಬುದನ್ನು ನಮ್ಮ ಸೀಮೆಯ ರೈತಮಕ್ಕಳೆಲ್ಲ ಬಲ್ಲರು. ಆದರೆ ಅದೇ ಸರಪಳಿ ಜೋತುಬಿದ್ದರೆ ಒಂದು ಉದ್ದ, ಬಿಗಿದರೆ ಇನ್ನೊಂದು ಉದ್ದ ಎಂಬುದನ್ನು ನಾವು ಅಂದು ಕಣ್ಣಾರೆ ಕಂಡೆವು. ಗುರುಮಠದಲ್ಲಿ ನಾವು ವರ್ಷಾನುಗಟ್ಟಲೆ ತತ್ವಶಾಸ್ತ್ರವನ್ನು ಓದಿದ್ದುಂಟು. ಅಳತೆ ಎಂದರೇನೆಂಬ ಪ್ರಶ್ನೆಯನ್ನು ಪುಸ್ತಕದಲ್ಲಿ ಚರ್ಚಿಸಿದ್ದೂ ಉಂಟು. ಆ ಪ್ರಶ್ನೆಗೆ ಮೈಬಂದದ್ದು ಮಾತ್ರ ಆ ಬೇಲಿಯ ಬಳಿಯಲ್ಲಿಯೇ.

ಆ ಮೊಳದ ಅಂತರವೇ ನಮ್ಮನ್ನು ಜಾನ್ ವಾರನ್ ಎಂಬ ಹಿರಿಯರ ಕಡೆಗೆ ಕರೆದೊಯ್ದಿತು. ಕೋಲಾರ ಚಿನ್ನದ ಗಣಿಯ ಕಥೆಯಲ್ಲಿ ಈ ಹೆಸರನ್ನು ಕೇಳದವರು ನಮ್ಮ ಕುಟುಂಬಗಳಲ್ಲಿ ವಿರಳ. ಮಣ್ಣಿನ ಗಾಡಿಗಳ ಮುಂದೆ ನಿಂತ ಒಬ್ಬ ದೊರೆ, ಬಹುಮಾನದ ಆಸೆ, ತೊಳೆದ ಮಣ್ಣಿನಲ್ಲಿ ಮಿನುಗಿದ ಚಿನ್ನದ ಪುಡಿ: ಇಷ್ಟು ಕಥೆ ಎಲ್ಲರಿಗೂ ಗೊತ್ತು. ಆತ ಚಿನ್ನ ಹುಡುಕಲು ಬಂದವನೇ ಅಲ್ಲ, ನಮ್ಮ ಬೆಟ್ಟಗುಡ್ಡಗಳನ್ನೂ ಕೆರೆಕುಂಟೆಗಳನ್ನೂ ಅಳೆದು ನಕ್ಷೆಗಿಳಿಸಲು ಬಂದವನು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ವಾರನ್ನರ ಪೂರ್ಣ ಹೆಸರು ಜಾನ್ ಬ್ಯಾಪ್ಟಿಸ್ಟ್ ಫ್ರಾಂಸ್ವಾ ಜೋಸೆಫ್ ದ ವಾರನ್. ಹೆಸರಿನಲ್ಲಿಯೇ ಮೂವರು ಸಂತರು ನೆಲೆಸಿದ್ದಾರೆ. ಹುಟ್ಟಿದ್ದು 1769ರಲ್ಲಿ. ಮನೆತನ ಮೂಲತಃ ಐರ್ಲೆಂಡಿನದು. ಆ ದೇಶದಲ್ಲಿ ಕಥೋಲಿಕರಿಗೆ ಬಾಳುವುದು ದುಸ್ತರವಾದ ಕಾಲದಲ್ಲಿ ಎಷ್ಟೋ ಮನೆತನಗಳು ಸಮುದ್ರ ದಾಟಿ ಯುರೋಪಿನ ಭೂಭಾಗಕ್ಕೆ ಬಂದು ಅಲ್ಲಿನ ರಾಜರ ಸೇನೆಗಳಲ್ಲಿ ಸೇವೆಗೆ ನಿಂತವು. ವಾರನ್ ಮನೆತನ ಹೀಗೆ ಫ್ರಾನ್ಸಿನ ಪೂರ್ವದ ಲೊರೇನ್ ಪ್ರಾಂತದಲ್ಲಿ ಬೇರೂರಿ ಕುಲೀನ ಪದವಿಯನ್ನು ಪಡೆಯಿತು. ಆ ಬೇರೂ ಬಹುಕಾಲ ನಿಲ್ಲಲಿಲ್ಲ. 1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಸಿಡಿಯಿತು. ಅರಸೊತ್ತಿಗೆ ಉರುಳಿತು, ಧರ್ಮಸಭೆಯ ಆಸ್ತಿಪಾಸ್ತಿಗಳು ಮುಟ್ಟುಗೋಲಾದವು, ಗುರುಗಳೂ ಕನ್ಯಾಸ್ತ್ರೀಯರೂ ಗಿಲೊಟಿನ್ ಯಂತ್ರದ ಕೆಳಗೆ ತಲೆಯೊಡ್ಡಿದರು. ರಾಜಪಕ್ಷದ ಮನೆತನಗಳು ದೇಶ ಬಿಟ್ಟು ಓಡಿದವು. ನಮ್ಮ ಮೈಸೂರು ಸೀಮೆಯಲ್ಲಿ ದೊಡ್ಡಸ್ವಾಮಿಯವರೆಂದು ಹೆಸರಾದ ಅಬ್ಬೆ ದ್ಯುಬ್ವಾ ಗುರುಗಳು ಫ್ರಾನ್ಸನ್ನು ತೊರೆದು ಭಾರತಕ್ಕೆ ಬಂದದ್ದೂ ಆ ದಿನಗಳಲ್ಲಿಯೇ. ತರುಣ ವಾರನ್ನರೂ ಹಾಗೆ ನೆಲೆಗೆಟ್ಟು 1790ರ ದಶಕದಲ್ಲಿ ಭಾರತವನ್ನು ಸೇರಿದರು. ತಾತಂದಿರು ಇಂಗ್ಲೆಂಡಿನ ಅರಸೊತ್ತಿಗೆಯ ದೆಸೆಯಿಂದ ಊರು ಬಿಟ್ಟವರು. ಮೊಮ್ಮಗನಿಗೆ ಅನ್ನ ಕೊಟ್ಟದ್ದು ಅದೇ ಇಂಗ್ಲೆಂಡಿನ ಸೇನೆ. ಇತಿಹಾಸಕ್ಕೆ ಇಂಥ ವಕ್ರತೆಗಳು ಅಪರೂಪವಲ್ಲ.

ಅವರು ಸೇರಿದ್ದು ದೊರೆಯ ಸೇನೆಯ 33ನೆಯ ಪದಾತಿ ದಳವನ್ನು. ಅದು ಮುಂದೆ ವೆಲಿಂಗ್ಟನ್ ಡ್ಯೂಕರೆಂದು ಲೋಕಪ್ರಸಿದ್ಧರಾದ ಆರ್ಥರ್ ವೆಲ್ಲೆಸ್ಲಿಯವರ ದಳ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನರು ಮಡಿದ ಯುದ್ಧದಲ್ಲಿ ಆ ದಳವಿತ್ತು. ಅದೇ ದಳದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ ಅಧಿಕಾರಿಯಿದ್ದರು. ಬಡತನದಲ್ಲಿ ಬೆಳೆದವರು, ಮಿತಭಾಷಿ, ಗಣಿತದಲ್ಲಿ ಮುಳುಗಿದವರು. ಭೂಮಿಯ ಆಕಾರವನ್ನೇ ಅಳೆಯಬೇಕೆಂಬ ಹಂಬಲ ಅವರದು. ಅವರ ವಿಚಾರ ಮುಂದೆ ಬರುತ್ತದೆ.

ಯುದ್ಧ ಮುಗಿದ ಮೇಲೆ ಕಂಪನಿಯವರ ಮುಂದೆ ದೊಡ್ಡ ಪ್ರಶ್ನೆಯೊಂದು ನಿಂತಿತು. ಗೆದ್ದ ರಾಜ್ಯವನ್ನು ಹಂಚಿಕೊಂಡದ್ದಾಯಿತು. ನಡುವಿನ ಭಾಗವನ್ನು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಿಟ್ಟುಕೊಟ್ಟದ್ದೂ ಆಯಿತು. ಆದರೆ ಆ ಭಾಗ ಎಲ್ಲಿ ಮುಗಿಯುತ್ತದೆ? ಕಾಗದದ ಒಪ್ಪಂದದಲ್ಲಿ ಬರೆದ ಊರಿನ ಹೆಸರುಗಳು ನೆಲದ ಮೇಲೆ ಎಲ್ಲಿವೆ? ಅಂದಿನ ನಕ್ಷೆಗಳು ಸೇನೆ ನಡೆದ ದಾರಿಗಳನ್ನು ಮಾತ್ರ ಬಲ್ಲವು; ದಾರಿಯ ಆಚೆ ಈಚೆ ಏನಿದೆಯೆಂಬುದಕ್ಕೆ ಬರಿಯ ಬಿಳಿಯ ಕಾಗದವೇ ಉತ್ತರ. ಅದನ್ನು ತುಂಬಿಸುವ ಹೊಣೆ ಕಾಲಿನ್ ಮೆಕೆಂಜಿಯವರಿಗೆ ಬಿತ್ತು. ಮೈಸೂರು ಸಮೀಕ್ಷೆಯೆಂದು ಖ್ಯಾತವಾದ ಈ ಕಾರ್ಯ ಸುಮಾರು 40,000 ಚದರ ಮೈಲಿಗಳನ್ನು ವ್ಯಾಪಿಸಿತು. ಮೆಕೆಂಜಿಯವರು ಬೆಟ್ಟಗಳ ನೆತ್ತಿಯಿಂದ ಕೋನಗಳನ್ನು ಅಳೆದು ನಕ್ಷೆಯನ್ನು ಬರೆಸಿದ್ದಲ್ಲದೆ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಓಲೆಗರಿಗಳನ್ನೂ ಸಂಗ್ರಹಿಸಿ ದಕ್ಷಿಣ ಭಾರತದ ಇತಿಹಾಸಕ್ಕೆ ಮಾಡಿದ ಉಪಕಾರ ಪ್ರತ್ಯೇಕ ಲೇಖನಕ್ಕೇ ಯೋಗ್ಯವಾದದ್ದು. ಅವರ ಕೈಕೆಳಗಿನ ಸಹಾಯಕರಲ್ಲಿ ಲೆಫ್ಟಿನೆಂಟ್ ವಾರನ್ನರು ಒಬ್ಬರು. ಅವರ ಪಾಲಿಗೆ ಬಂದದ್ದು ಮೈಸೂರಿನ ಪೂರ್ವದ ಎಲ್ಲೆ. ಅಂದರೆ ನಮ್ಮ ಸೀಮೆ.

ಈ ಸೀಮೆಯನ್ನು ನಕ್ಷೆಗಿಳಿಸುವುದು ಸುಲಭದ ಮಾತಲ್ಲ. ಹುಟ್ಟಿ ಬೆಳೆದ ನಮಗೆ ಅದರ ವೈಚಿತ್ರ್ಯ ಕಣ್ಣಿಗೆ ಬೀಳುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು ಎಂಟುನೂರು ಒಂಬೈನೂರು ಮೀಟರು ಎತ್ತರದ ಒಣ ಪ್ರಸ್ಥಭೂಮಿ. ಅಲ್ಲಲ್ಲಿ ಎದ್ದುನಿಂತ ಬೋಳುಬಂಡೆಗಳು. ಕೋಲಾರದ ಅಂತರಗಂಗೆಯ ಬೆಟ್ಟದಿಂದ ಮುಳಬಾಗಿಲಿನ ಬಂಡೆಗಳವರೆಗೆ, ಅಲ್ಲಿಂದ ಶ್ರೀನಿವಾಸಪುರದ ಈಶಾನ್ಯಕ್ಕೆ ರಾಯಲ್ಪಾಡಿನ ಗುಡ್ಡಸಾಲಿನವರೆಗೆ ಕಣ್ಣು ಹಾಯಿಸಿದರೆ ಕಾಣುವುದು ಕಲ್ಲು, ಜಾಲಿ, ಕೆರೆಯ ಏರಿ, ಮತ್ತೆ ಕಲ್ಲು. ಪಾಲಾರ್ ನದಿಯೆಂದು ಹೆಸರು ದೊಡ್ಡದು. ವರ್ಷದ ಹೆಚ್ಚಿನ ತಿಂಗಳು ಅದು ಮರಳಿನ ಹಾದಿ. ಮಾಲೂರಿನ ಕಡೆಯ ದಕ್ಷಿಣ ಪಿನಾಕಿನಿಯ ಪಾಡೂ ಅಷ್ಟೇ. ಆದ್ದರಿಂದ ನದಿಯನ್ನು ಎಲ್ಲೆಯಾಗಿ ಹಿಡಿಯುವ ಅನುಕೂಲ ಇಲ್ಲಿಲ್ಲ. ಮಾತಿನಲ್ಲಿಯಾದರೂ ಎಲ್ಲೆಯಿದೆಯೇ ಎಂದರೆ ಅದೂ ಇಲ್ಲ. ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಓಡಾಡುವ ನಾಡಿದು. ಗಡಿಯ ಊರುಗಳಲ್ಲಿ ಯಾವ ಹೊಲ ಯಾವ ಪಾಳೆಯಪಟ್ಟಿಗೆ ಕಂದಾಯ ಕಟ್ಟುತ್ತಿತ್ತೆಂಬುದನ್ನು ಶಾನುಭೋಗರೂ ಪಟೇಲರೂ ತಳವಾರರೂ ನೆನಪಿನಿಂದ ಹೇಳಬೇಕು. ಅಳೆಯುವವನು ಮೊದಲು ಕೇಳಬೇಕು. ಕೇಳಲು ತಿಳಿಯದವನಿಗೆ ಎಲ್ಲೆಗಲ್ಲು ಸಿಗುವುದೇ ಇಲ್ಲ. ಅಂದು ಹಾಗೆ ಗೊತ್ತಾದ ಪೂರ್ವದ ಎಲ್ಲೆ ಬಹುಮಟ್ಟಿಗೆ ಇಂದಿಗೂ ಆಂಧ್ರ, ತಮಿಳುನಾಡುಗಳೊಡನೆ ನಮ್ಮ ಜಿಲ್ಲೆಯ ಎಲ್ಲೆಯಾಗಿಯೇ ಉಳಿದಿದೆ.

1802ರಲ್ಲಿ ಯರ್ರಕೊಂಡದ ಆಸುಪಾಸಿನಲ್ಲಿ ಕೆಲಸದಲ್ಲಿದ್ದಾಗ ವಾರನ್ನರ ಕಿವಿಗೆ ಸುದ್ದಿಯೊಂದು ಬಿತ್ತು. ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆಯೆಂದೂ ಹಳ್ಳಿಯ ಕೆಲವರು ಅದನ್ನು ತೊಳೆದು ತೆಗೆಯುತ್ತಾರೆಂದೂ ಜನ ಆಡಿಕೊಳ್ಳುತ್ತಿದ್ದರು. ಎಲ್ಲೆಯ ಕೆಲಸಕ್ಕೆ ಬಂದ ಅಧಿಕಾರಿ ಇಂಥ ಮಾತನ್ನು ನಕ್ಕು ತಳ್ಳಿಹಾಕಬಹುದಿತ್ತು. ಇವರು ತಳ್ಳಿಹಾಕಲಿಲ್ಲ. ವಿಷಯ ತಿಳಿಸಿದವರಿಗೆ ಬಹುಮಾನವಿದೆಯೆಂದು ಸಾರಿಸಿದರು. ಊರಿಗಾಂ ಗ್ರಾಮದವರು ಎತ್ತಿನ ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದು ಅವರ ಕಣ್ಣೆದುರಿನಲ್ಲಿಯೇ ನೀರಿನಲ್ಲಿ ತೊಳೆದರು. ಮಣ್ಣು ಹರಿದುಹೋಗಿ ತಳದಲ್ಲಿ ಚಿನ್ನದ ಪುಡಿ ಉಳಿಯಿತು. ವಾರನ್ನರು ಅಷ್ಟಕ್ಕೇ ಹಿಗ್ಗಿಬಿಡದೆ ತೂಗಿ ನೋಡಿದರು. ಹಳ್ಳಿಗರ ವಿಧಾನದಿಂದ ಈಗಿನ ಲೆಕ್ಕದಲ್ಲಿ ಸುಮಾರು 56 ಕಿಲೋಗ್ರಾಮ್ ಮಣ್ಣನ್ನು ತೊಳೆದರೆ ಸಿಗುವುದು ಒಂದು ಗ್ರೇನ್ ಚಿನ್ನ. ಅದು ಅರ್ಧ ಗುಲಗಂಜಿಯ ತೂಕ. ಬೆನ್ನು ಮುರಿಯುವ ದುಡಿಮೆಗೆ ದೊರೆತ ಫಲ ಅದು.

ಅಲ್ಲಿಂದ ಅವರು ಮಾರಿಕುಪ್ಪಕ್ಕೂ ಹೋದರು. ಅಲ್ಲಿ ಕೆಲಸ ಮಣ್ಣಿನ ಮೇಲಲ್ಲ, ನೆಲದ ಒಳಗೆ. ಪರಯ ಜನಾಂಗದ ಗಂಡಸರು ಕಿರಿದಾದ ಗುಂಡಿಗಳಲ್ಲಿ ಇಳಿದು, ಬಂಡೆಯನ್ನು ಒಡೆದು, ಕಲ್ಲುಗಳನ್ನು ಸಣ್ಣ ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳುಹಿಸುತ್ತಿದ್ದರು. ಮೇಲೆ ಹೆಂಗಸರು ಆ ಕಲ್ಲುಗಳನ್ನು ಹಾಸುಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಟಿಪ್ಪುವಿನ ಕಾಲದಲ್ಲಿಯೂ ಇಲ್ಲಿ ಒಂದು ಪ್ರಯತ್ನ ನಡೆದು ಲಾಭವಿಲ್ಲವೆಂದು ಕೈಬಿಡಲಾಗಿತ್ತು. ಕಂಪನಿಯ ಮಹನೀಯರಿಗೆ ಈ ಜನ ಕಣ್ಣಿಗೇ ಬೀಳದವರು. ಮೇಲ್ಜಾತಿಯ ನೆರೆಹೊರೆಯವರಿಗೂ ಅವರು ಹತ್ತಿರ ಸೇರಿಸಬಾರದವರೇ ಆಗಿದ್ದರೆಂದು ನಾವು ಲಜ್ಜೆಯಿಂದಲೇ ಬರೆಯಬೇಕಾಗಿದೆ. ವಾರನ್ನರು ಅವರ ಗುಂಡಿ, ಬುಟ್ಟಿ, ಕುಟ್ಟುವ ಬಂಡೆ, ತೊಳೆಯುವ ಕ್ರಮ ಎಲ್ಲವನ್ನೂ ವಿವರವಾಗಿ ಬರೆದುಕೊಂಡು ವರದಿಯನ್ನು ಒಪ್ಪಿಸಿದರು. ಭೂಗರ್ಭದ ವಿದ್ಯೆಯನ್ನು ಅವರು ಕಲಿತದ್ದು ಆ ಗುಂಡಿಗಳ ಬಾಯಲ್ಲಿ ನಿಂತವರಿಂದ. ನಮ್ಮ ದೃಷ್ಟಿಯಲ್ಲಿ ಅವರ ಬಾಳಿನ ಹಿರಿಮೆಯಿರುವುದು ಚಿನ್ನದಲ್ಲಲ್ಲ, ಈ ಕೇಳುವ ಗುಣದಲ್ಲಿ. ಆ ವರದಿಯಲ್ಲಿ ಚಿನ್ನದ ತೂಕವಿದೆ, ಗುಂಡಿಯ ವಿವರವಿದೆ, ತೊಳೆದು ತೋರಿಸಿದವರ ಪಾಲು ಎಷ್ಟೆಂಬ ಪ್ರಶ್ನೆ ಮಾತ್ರ ಯಾವ ಕಂಪನಿಯ ಕಾಗದದಲ್ಲಿಯೂ ಏಳಲಿಲ್ಲ ಎಂಬುದೂ ಅಷ್ಟೇ ದಿಟ.

ಎಲ್ಲೆಯ ಕೆಲಸದ ತರುವಾಯ ವಾರನ್ನರು ತಮ್ಮ ಹಳೆಯ ಸಂಗಾತಿ ಲ್ಯಾಂಬ್ಟನ್ನರ ಬಳಿ ಸೇರಿದರು. ಲ್ಯಾಂಬ್ಟನ್ನರು 1802ರ ಏಪ್ರಿಲ್‌ನಲ್ಲಿ ಮದರಾಸಿನ ಸಂತ ತೋಮರ ಬೆಟ್ಟದ ಬಳಿಯ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಗೆರೆಯೊಂದನ್ನು ಅಳೆದು ಮಹಾ ತ್ರಿಕೋನಮಾಪನವನ್ನು ಆರಂಭಿಸಿದ್ದರು. ಪ್ರೇಷಿತ ತೋಮರು ರಕ್ತಸಾಕ್ಷಿಯಾದರೆಂದು ನಮ್ಮ ಪೂರ್ವಜರು ನಂಬಿಬಂದ ಬೆಟ್ಟದ ಅಡಿಯಿಂದಲೇ ಭಾರತದ ಅಳತೆ ಹೊರಟಿತು. ಕಣ್ಣಿಂದ ನೋಡಿ ಕೈಯಿಂದ ಮುಟ್ಟದ ಹೊರತು ನಂಬೆನೆಂದ ಶಿಷ್ಯನ ಹೆಸರಿನ ಬೆಟ್ಟವದು. ಭೂಮಾಪಕರಿಗೆ ಅದಕ್ಕಿಂತ ಒಪ್ಪುವ ತಾಣ ಬೇರೆ ಸಿಗಲಾರದು.

ಈ ಮಾಪನದ ತತ್ವ ಸರಳ. ಒಂದು ತ್ರಿಕೋನದ ಒಂದು ಭುಜದ ಉದ್ದವೂ ಎರಡು ಕೋನಗಳೂ ಗೊತ್ತಾದರೆ ಉಳಿದ ಎರಡು ಭುಜಗಳನ್ನು ಲೆಕ್ಕದಿಂದಲೇ ತಿಳಿಯಬಹುದೆಂದು ನಮ್ಮ ಪ್ರೌಢಶಾಲೆಯ ಮಕ್ಕಳು ಓದುತ್ತಾರೆ. ಆ ಹೊಸ ಭುಜದ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ನೋಟ ಹಾಯಿಸುತ್ತ ಹೋದರೆ ಸರಪಳಿ ಎಳೆಯದೆಯೇ ನಾಡನ್ನು ದಾಟಬಹುದು. ಆದರೆ ಮೊದಲ ಗೆರೆಯಲ್ಲಿ ತಪ್ಪಿದರೆ ಎಲ್ಲ ತ್ರಿಕೋನಗಳೂ ತಪ್ಪಿದಂತೆಯೇ. ಆದ್ದರಿಂದ ಆ ಮೊದಲ ಗೆರೆಯನ್ನು ಅಳೆಯುವ ನಿಷ್ಠೆ ಒಂದು ವ್ರತಕ್ಕೆ ಸಮಾನ. ಉಕ್ಕಿನ ಸರಪಳಿಯನ್ನು ನೆಲದ ಮೇಲೆ ಎಸೆಯುವಂತಿಲ್ಲ. ಮುಕ್ಕಾಲಿಗಳ ಮೇಲೆ ಮರದ ಉದ್ದನೆಯ ಪೆಟ್ಟಿಗೆಗಳನ್ನು ಸಮಮಟ್ಟಕ್ಕೆ ಇಟ್ಟು, ಅವುಗಳೊಳಗೆ ಸರಪಳಿಯನ್ನು ಮಲಗಿಸಿ, ಬಿಸಿಲು ತಾಗದಂತೆ ನೆರಳು ಮಾಡಿ, ಉಷ್ಣಮಾಪಕಗಳಿಂದ ಶಾಖವನ್ನು ನೋಡಿ ಬರೆದುಕೊಳ್ಳಬೇಕು. ಏಕೆಂದರೆ ಬಿಸಿಯಾದ ಉಕ್ಕು ಹಿಗ್ಗುತ್ತದೆ. ಬೆಳಗಿನ ನೂರು ಅಡಿ ಮಧ್ಯಾಹ್ನಕ್ಕೆ ನೂರು ಅಡಿಯಾಗಿ ಉಳಿಯುವುದಿಲ್ಲ. ಒಂದು ಸರಪಳಿಯ ಉದ್ದ ಮುಗಿದ ಮೇಲೆ ಪೆಟ್ಟಿಗೆಗಳನ್ನೆಲ್ಲ ಎತ್ತಿ ಮುಂದಿಡಬೇಕು. ಇಂಥ ನಾಲ್ಕುನೂರು ಉದ್ದಗಳು ಸೇರಿದರೆ ಆ ಏಳೂವರೆ ಮೈಲಿ. ನಮ್ಮ ಸಮಾಧಿಭೂಮಿಯ ಮೊಳದ ಅಂತರ ನಮಗೆ ನೆನಪಾಗುವುದು ಇಲ್ಲಿಯೇ.

ಕೋನಗಳನ್ನು ನೋಡುವ ಮಹಾ ಥಿಯೊಡೊಲೈಟ್ ಯಂತ್ರದ ತೂಕ ಅರ್ಧ ಟನ್ನಿನಷ್ಟು. ಇಂಗ್ಲೆಂಡಿನಿಂದ ಬರುವಾಗ ಅದನ್ನು ಹೊತ್ತ ಹಡಗು ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ದ್ವೀಪಕ್ಕೆ ಹೋಯಿತೆಂದೂ, ಅಲ್ಲಿನ ಫ್ರೆಂಚ್ ಅಧಿಕಾರಿಗಳು ಇದು ಯುದ್ಧದ ಸಲಕರಣೆಯಲ್ಲ, ವಿದ್ಯೆಯ ಸಲಕರಣೆಯೆಂದು ಗೌರವದಿಂದ ಮದರಾಸಿಗೆ ಕಳುಹಿಸಿಕೊಟ್ಟರೆಂದೂ ಭೂಮಾಪನದ ಇತಿಹಾಸ ಬರೆದ ಹಿರಿಯರು ಹೇಳುತ್ತಾರೆ. ಆ ಯಂತ್ರವನ್ನು ಹಮಾಲಿಗಳು ಹೆಗಲ ಮೇಲೆ ಹೊತ್ತು ಬೋಳುಬಂಡೆಗಳ ನೆತ್ತಿಗೆ ಏರಿಸಿದರು. ದೂರದ ನೆತ್ತಿಯಲ್ಲಿ ಬಾವುಟ ಹಿಡಿದು ದಿನಗಟ್ಟಲೆ ನಿಂತವರೂ ಈ ನೆಲದ ಮಕ್ಕಳೇ. ಕಾಡುಜ್ವರಕ್ಕೆ ದೊರೆ ಆಳೆಂಬ ಭೇದವಿರಲಿಲ್ಲ.

1804ರಲ್ಲಿ ಬೆಂಗಳೂರಿನ ಬಳಿ ಪರೀಕ್ಷೆಯ ಗೆರೆಯೊಂದನ್ನು ಅಳೆಯುವ ಕಾರ್ಯ ವಾರನ್ನರ ಪಾಲಿಗೆ ಬಂತು. ಮದರಾಸಿನ ಗೆರೆಯಿಂದ ಹೊರಟು ಪೂರ್ವಘಟ್ಟಗಳ ನೆತ್ತಿಗಳ ಮೇಲೆ ತ್ರಿಕೋನಗಳನ್ನು ಹೆಣೆಯುತ್ತ ಬಂದ ಲೆಕ್ಕ ಸರಿಯಿದ್ದರೆ ಬೆಂಗಳೂರಿನ ಈ ಗೆರೆ ಎಷ್ಟು ಉದ್ದವಿರಬೇಕೆಂಬುದು ಮೊದಲೇ ಕಾಗದದ ಮೇಲೆ ಸಿದ್ಧವಾಗಿತ್ತು. ಈಗ ಸರಪಳಿ ಏನು ಹೇಳುತ್ತದೆಂಬುದನ್ನು ನೋಡಬೇಕು. ಅಳತೆ ಮುಗಿದಾಗ ಲೆಕ್ಕಕ್ಕೂ ನೆಲಕ್ಕೂ ಇದ್ದ ಅಂತರ 3.7 ಅಂಗುಲ. ಏಳು ಮೈಲಿಗೂ ಮಿಕ್ಕ ಗೆರೆಯಲ್ಲಿ ಒಂದು ಅಂಗೈಯಗಲ! ವಾಚಕರು ಒಮ್ಮೆ ತಮ್ಮ ಅಂಗೈಯನ್ನು ನೋಡಿಕೊಳ್ಳಬೇಕೆಂದು ನಮ್ಮ ಕೋರಿಕೆ. ಅದೇ ತ್ರಿಕೋನಗಳ ಸರಣಿ ಮುಂದೆ ಮಂಗಳೂರಿನ ಕರಾವಳಿಯನ್ನು ಮುಟ್ಟಿದಾಗ ಮದರಾಸಿನಿಂದ ಅಲ್ಲಿಗೆ ಸುಮಾರು 360 ಮೈಲಿಯೆಂದು ಗೊತ್ತಾಯಿತು. ಹಳೆಯ ನಕ್ಷೆಗಳು ಅದನ್ನು 400 ಮೈಲಿಯೆಂದು ತೋರಿಸುತ್ತಿದ್ದವು. ನಲವತ್ತು ಮೈಲಿ ಅಗಲದ ನಾಡೊಂದು ಎಂದೂ ಇರಲೇ ಇಲ್ಲ, ಕಾಗದದ ಮೇಲೆ ಮಾತ್ರ ಇತ್ತು.

1805ರಲ್ಲಿ ವಾರನ್ನರು ಮದರಾಸಿನ ಖಗೋಳ ವೀಕ್ಷಣಾಲಯದ ಹಂಗಾಮಿ ಖಗೋಳಜ್ಞರಾದರು. ಅಲ್ಲಿನ ಖಗೋಳಜ್ಞ ಗೋಲ್ಡಿಂಗ್‌ಹ್ಯಾಮ್ ಅವರು ರಜೆಯ ಮೇಲೆ ಇಂಗ್ಲೆಂಡಿಗೆ ತೆರಳಿದ್ದರು. ನೆಲವನ್ನಳೆದವರು ಈಗ ಆಕಾಶವನ್ನು ಅಳೆಯಬೇಕಾಯಿತು. 1807ರಲ್ಲಿ ಕಾಣಿಸಿದ ಮಹಾ ಧೂಮಕೇತುವನ್ನು ರಾತ್ರಿ ರಾತ್ರಿ ಗಮನಿಸಿದರು. ಲೋಲಕದ ಪ್ರಯೋಗಗಳನ್ನು ನಡೆಸಿದರು. ಪಾಂಡಿಚೇರಿಗೆ ಅನತಿದೂರದ ತಿರುವಕ್ಕರೈ ಎಂಬಲ್ಲಿ ಕಲ್ಲಾಗಿ ಬಿದ್ದಿರುವ ಪ್ರಾಚೀನ ಮರಗಳನ್ನು ಕುರಿತು ಲೇಖನ ಬರೆದರು. ಕಂಡದ್ದನ್ನೆಲ್ಲ ಕೇಳಿ, ಮುಟ್ಟಿ, ಬರೆದಿಡುವ ಅವರ ಅಭ್ಯಾಸ ಎಲ್ಲಿಗೆ ಹೋದರೂ ಬಿಡಲಿಲ್ಲ.

ವೀಕ್ಷಣಾಲಯದ ಕಾರ್ಯಗಳಲ್ಲಿ ಮುಖ್ಯವಾದದ್ದು ಮದರಾಸಿನ ರೇಖಾಂಶವನ್ನು ನಿಶ್ಚಯಿಸುವುದು. ಇಂಗ್ಲೆಂಡಿನ ಗ್ರೀನಿಚ್‌ಗೂ ಮದರಾಸಿಗೂ ಇರುವ ಹೊತ್ತಿನ ಅಂತರ ತಿಳಿದರೆ ರೇಖಾಂಶ ತಿಳಿದಂತೆ. ತಂತಿಯೂ ರೇಡಿಯೋವೂ ಇಲ್ಲದ ಆ ದಿನಗಳಲ್ಲಿ ಗುರುಗ್ರಹದ ಚಂದ್ರರ ಗ್ರಹಣಗಳೇ ಆಕಾಶದ ಗಡಿಯಾರ. ವಾರನ್ನರ ಲೆಕ್ಕದಲ್ಲಿ ವೀಕ್ಷಣಾಲಯದ ರೇಖಾಂಶ 80 ಡಿಗ್ರಿ 17 ನಿಮಿಷ 21 ಸೆಕೆಂಡ್ ಪೂರ್ವ. ಭಾರತದ ಭೂಮಾಪನ ಈ ಸಂಖ್ಯೆಯನ್ನು ಅಂಗೀಕರಿಸಿ ಎಲ್ಲ ನಕ್ಷೆಗಳಿಗೂ ಅದನ್ನೇ ಆಧಾರವಾಗಿಟ್ಟುಕೊಂಡಿತು. ತ್ರಿಕೋನಗಳ ಸರಪಳಿ ದಕ್ಷಿಣದಿಂದ ಉತ್ತರಕ್ಕೆ ಬೆಳೆಯಿತು. 1823ರಲ್ಲಿ ಲ್ಯಾಂಬ್ಟನ್ನರು ಮಧ್ಯಭಾರತದ ಹಿಂಗಣಘಾಟದಲ್ಲಿ ಡೇರೆಯಲ್ಲಿಯೇ ಕಣ್ಮುಚ್ಚಿದರು. ಜಾರ್ಜ್ ಎವರೆಸ್ಟ್ ಮುಂದುವರಿಸಿದರು. 1850ರ ದಶಕದಲ್ಲಿ ಅದು ಕಾಶ್ಮೀರವನ್ನು ಮುಟ್ಟಿ, ಅಲ್ಲಿಂದ ಲಡಾಖಿನ ಮರವಿಲ್ಲದ ಎತ್ತರದ ಕಣಿವೆಗಳಿಗೂ ಹಬ್ಬಿತು. 1856ರಲ್ಲಿ ಮಾಂಟ್‌ಗೊಮರಿಯವರು ಹರಮುಖ ಪರ್ವತದಿಂದ ಕಾರಕೋರಂ ಶ್ರೇಣಿಯನ್ನು ನೋಡಿ ಎರಡನೆಯ ಶಿಖರಕ್ಕೆ ಕೆ2 ಎಂದು ಗುರುತು ಹಾಕಿದರು. ಲೋಕದ ಎರಡನೆಯ ಅತ್ಯುನ್ನತ ಶಿಖರ ಇಂದಿಗೂ ಅದೇ ಹೆಸರಿನಿಂದ ನಿಂತಿದೆ. ಹಿಮದಲ್ಲಿ ನಿಂತು ಆ ಶಿಖರಗಳನ್ನು ನಕ್ಷೆಗಿಳಿಸಿದವರ ಕಾಗದದಲ್ಲಿಯೂ ರೇಖಾಂಶದ ಎಣಿಕೆ ಹೊರಟದ್ದು ಮದರಾಸಿನಿಂದ, ವಾರನ್ನರ ಸಂಖ್ಯೆಯಿಂದ.

ಆ ಸಂಖ್ಯೆ ತಪ್ಪಾಗಿತ್ತು. ತಂತಿಯ ಮೂಲಕ ಗ್ರೀನಿಚ್‌ನೊಡನೆ ಕಾಲವನ್ನು ಹೋಲಿಸಿ ನೋಡುವ ದಿನ ಬಂದಾಗ ಅದು ಸುಮಾರು ಎರಡೂವರೆ ನಿಮಿಷ ಹೆಚ್ಚೆಂದು ಗೊತ್ತಾಯಿತು. ಗಡಿಯಾರದ ಲೆಕ್ಕದಲ್ಲಿ ಹತ್ತು ಸೆಕೆಂಡು. ನೆಲದ ಲೆಕ್ಕದಲ್ಲಿ ನಾಲ್ಕು ಕಿಲೋಮೀಟರಿಗೂ ಮಿಗಿಲು. ನಕ್ಷೆಗಳ ಅಂಚಿನಲ್ಲಿ ಇಷ್ಟನ್ನು ಕಳೆದುಕೊಳ್ಳಿರೆಂಬ ಟಿಪ್ಪಣಿಯನ್ನು ಬಹುಕಾಲ ಅಚ್ಚುಹಾಕಬೇಕಾಯಿತು. ಬೆಂಗಳೂರಿನ ಬಯಲಿನಲ್ಲಿ ಅಂಗೈಯಗಲ ಮಾತ್ರ ತಪ್ಪಿದ ಅದೇ ವ್ಯಕ್ತಿ ಆಕಾಶದ ಮೂಲಕ ಅಳೆದಾಗ ಒಂದು ಊರಿನಷ್ಟು ತಪ್ಪಿದರು. ಇದರಿಂದ ಅವರ ಹಿರಿಮೆಗೆ ಕುಂದು ಬಂತೆಂದು ನಾವು ಭಾವಿಸುವುದಿಲ್ಲ. ಪ್ರತಿಯೊಂದು ವಿಷಯವೂ ತನ್ನ ಸ್ವಭಾವಕ್ಕೆ ತಕ್ಕಷ್ಟೇ ನಿಷ್ಕೃಷ್ಟತೆಯನ್ನು ಕೊಡಬಲ್ಲದೆಂದು ಅರಿಸ್ಟಾಟಲ್ ಬೋಧಿಸಿದ್ದನ್ನು ನಾವು ಗುರುಮಠದಲ್ಲಿ ನೀತಿಶಾಸ್ತ್ರದ ಪಾಠವಾಗಿ ಕಲಿತೆವು. ಅದು ದೂರದರ್ಶಕಕ್ಕೂ ಅನ್ವಯಿಸುತ್ತದೆ.

ಸುಮಾರು ಆರು ವರ್ಷಗಳ ಬಳಿಕ ಗೋಲ್ಡಿಂಗ್‌ಹ್ಯಾಮ್ ಹಿಂದಿರುಗಿದರು. ವಾರನ್ನರು ವೀಕ್ಷಣಾಲಯವನ್ನು ಅವರಿಗೆ ಒಪ್ಪಿಸಿದರು. ಫ್ರಾನ್ಸಿನಲ್ಲಿ ನೆಪೋಲಿಯನ್ ಪತನವಾಗಿ ಹಳೆಯ ರಾಜವಂಶ ಮರಳಿ ಬಂದ ಸುದ್ದಿ ಮುಟ್ಟಿದ ಮೇಲೆ ಅವರು ತಾಯ್ನಾಡಿಗೆ ತೆರಳಿದರು. ಮನೆತನದ ಕೌಂಟ್ ಪದವಿ ಮತ್ತೆ ದೊರೆಯಿತು. ಯೌವನದಲ್ಲಿ ಕಳೆದುಕೊಂಡದ್ದನ್ನು ನಡುವಯಸ್ಸಿನಲ್ಲಿ ಮರಳಿ ಪಡೆದವರು ಅಲ್ಲಿಯೇ ನೆಮ್ಮದಿಯಿಂದ ಇದ್ದುಬಿಡಬಹುದಿತ್ತು. ಅವರು ಹಾಗೆ ಮಾಡದೆ ಭಾರತಕ್ಕೇ ಹಿಂದಿರುಗಿ ಪಾಂಡಿಚೇರಿಯಲ್ಲಿ ನೆಲೆಸಿದರು. ಪರದೇಶದಲ್ಲಿ ಬಹುಕಾಲ ಸೇವೆ ಮಾಡಿದ ನಮ್ಮ ಧರ್ಮಪ್ರಚಾರಕ ಗುರುಗಳು ಹುಟ್ಟಿದೂರಿಗೆ ಹೋಗಿ ಮನಸ್ಸು ನಿಲ್ಲದೆ ಮರಳಿಬಂದ ಪ್ರಸಂಗಗಳನ್ನು ಬಲ್ಲ ನಮಗೆ ಇದೊಂದು ಸೋಜಿಗವಲ್ಲ.

ಪಾಂಡಿಚೇರಿಯಲ್ಲಿ ಅವರು ಪೂರ್ಣಗೊಳಿಸಿದ ಗ್ರಂಥದ ಹೆಸರು ಕಾಲಸಂಕಲಿತ. 1825ರಲ್ಲಿ ಮದರಾಸಿನಲ್ಲಿ ಮುದ್ರಣವಾಯಿತು. ದಕ್ಷಿಣ ಭಾರತದ ಜನ ಕಾಲವನ್ನು ವಿಭಾಗಿಸುವ ಬಗೆಗಳನ್ನು, ಅಂದರೆ ಸೌರಮಾನ ಚಾಂದ್ರಮಾನಗಳನ್ನೂ ತಿಥಿ ನಕ್ಷತ್ರಗಳನ್ನೂ ಮುಸಲ್ಮಾನರ ಪಂಚಾಂಗವನ್ನೂ ವಿವರಿಸುವ ದೊಡ್ಡ ಪುಸ್ತಕ ಅದು. ಶಾಸನಗಳ ಕಾಲವನ್ನು ನಿರ್ಣಯಿಸಬೇಕಾದ ವಿದ್ವಾಂಸರಿಗೆ ಅದು ಬಹುಕಾಲ ಆಸರೆಯಾಗಿತ್ತು. ಅದರಲ್ಲಿನ ಒಂದು ಪ್ರಸಂಗ ನಮಗೆ ಅತ್ಯಂತ ಪ್ರಿಯವಾದದ್ದು. ಪಾಂಡಿಚೇರಿಯ ಒಬ್ಬ ತಮಿಳು ಪಂಚಾಂಗಕಾರರನ್ನು ವಾರನ್ನರು ಕರೆಸಿ 1825ರ ಮೇ ತಿಂಗಳ ಕೊನೆಯ ರಾತ್ರಿಯ ಚಂದ್ರಗ್ರಹಣವನ್ನು ಗಣಿಸಲು ಕೇಳಿದರು. ಆತ ಕಾಗದ ಲೇಖನಿಗಳನ್ನು ಮುಟ್ಟಲಿಲ್ಲ. ನೆಲದ ಮೇಲೆ ಕವಡೆಗಳನ್ನು ಹರಡಿಕೊಂಡು, ಸಂಖ್ಯೆಗಳನ್ನು ಅಡಗಿಸಿಟ್ಟ ಅಕ್ಷರಗಳ ಸೂತ್ರಗಳನ್ನು ಬಾಯಿಪಾಠದಿಂದ ಹೇಳಿಕೊಳ್ಳುತ್ತ ಕವಡೆಗಳನ್ನು ಸರಿಸುತ್ತಲೇ ಲೆಕ್ಕ ಮುಗಿಸಿದರು. ಗ್ರಹಣದ ಆರಂಭವನ್ನು ಗಣಿಸುವಲ್ಲಿ ಅವರ ತಪ್ಪು ಕೇವಲ ನಾಲ್ಕು ನಿಮಿಷ. ಮಧ್ಯಕಾಲದಲ್ಲಿಯೂ ಮೋಕ್ಷಕಾಲದಲ್ಲಿಯೂ ಅಂತರ ಹೆಚ್ಚಿತ್ತೆನ್ನುವುದನ್ನು ವಾರನ್ನರು ಮುಚ್ಚಿಡಲಿಲ್ಲ. ಯುರೋಪಿನ ಖಗೋಳವನ್ನು ಕರತಲಾಮಲಕ ಮಾಡಿಕೊಂಡಿದ್ದ, ಗ್ರಹಣವನ್ನು ತಾವೇ ಗಣಿಸಬಲ್ಲ ಒಬ್ಬ ಲೆಫ್ಟಿನೆಂಟ್ ಕರ್ನಲ್ ಕವಡೆಗಳ ಆಟವನ್ನು ಪಕ್ಕದಲ್ಲಿ ಕುಳಿತು ನೋಡಿ, ತಪ್ಪು ಒಪ್ಪುಗಳೆರಡನ್ನೂ ಬರೆದಿಟ್ಟರು. ಸುಮಾರು ನೂರಿಪ್ಪತ್ತೈದು ವರ್ಷಗಳ ಬಳಿಕ ಪ್ರಾಚೀನ ಗಣಿತದ ಇತಿಹಾಸಕಾರ ಓಟ್ಟೊ ನಾಯ್‌ಗೆಬೌವರ್ ಆ ದಾಖಲೆಯನ್ನು ಪರಿಶೀಲಿಸಿ, ಆ ಕವಡೆಯ ಲೆಕ್ಕದಲ್ಲಿ ಬಾಬಿಲೋನಿನ ಪುರಾತನ ವಿಧಾನಗಳ ಉಳಿಕೆಯನ್ನು ಗುರುತಿಸಿದರು. ಊರಿಗಾಮಿನಲ್ಲಿ ಮಣ್ಣು ತೊಳೆಯುವವರ ಮುಂದೆ ನಿಂತ ಮನುಷ್ಯನೇ ಇಪ್ಪತ್ತಮೂರು ವರ್ಷಗಳ ತರುವಾಯ ಕವಡೆಯವರ ಮುಂದೆ ಕುಳಿತದ್ದು.

1830ರ ಫೆಬ್ರವರಿ 9ರಂದು ಪಾಂಡಿಚೇರಿಯಲ್ಲಿ ವಾರನ್ನರು ದೈವಾಧೀನರಾದರು. ಆಗ ಅವರ ವಯಸ್ಸು ಅರವತ್ತು. ಅವರ ಮಗ ಎದುವಾರ್ ದ ವಾರನ್ ಬ್ರಿಟಿಷರ ಆಳ್ವಿಕೆಯ ಭಾರತವನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಪುಸ್ತಕ ಬರೆದು ಹೆಸರಾದರು.

ಕೋಲಾರದ ವರದಿ ಮಾತ್ರ ತನ್ನ ಪಾಡಿಗೆ ಮಲಗಿತ್ತು. ಅದನ್ನು ನಂಬಿ ಹಳೆಯ ಗುಂಡಿಗಳಿಗೆ ಇಳಿದ ಎಷ್ಟೋ ಮಂದಿ ಬರಿಗೈಯಲ್ಲಿ ಬಂದರು, ಕೆಲವರು ಜೀವವನ್ನೇ ತೆತ್ತರು. 1859ರಲ್ಲಿ ಸರ್ಕಾರ ಭೂಗರ್ಭದ ಕೆಲಸವನ್ನೇ ನಿಷೇಧಿಸಿತು. 1871ರಲ್ಲಿ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕರ ಕಣ್ಣಿಗೆ ವಾರನ್ನರ ಬರಹ ಬಿತ್ತು. ಅವರೂ ಐರ್ಲೆಂಡಿನವರೇ. ಬೆಂಗಳೂರಿನಿಂದ ಎತ್ತಿನ ಗಾಡಿ ಕಟ್ಟಿಸಿಕೊಂಡು ಅರವತ್ತು ಮೈಲಿ ಪಯಣಿಸಿ ಬಂದು ಗುಂಡಿಗಳನ್ನು ನೋಡಿದರು. 1875ರ ಫೆಬ್ರವರಿಯಲ್ಲಿ ಅವರಿಗೆ ಇಪ್ಪತ್ತು ವರ್ಷದ ಗುತ್ತಿಗೆ ದೊರೆಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳ ಕಡೆಯಿಂದ ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬಂದವು. ಮಾರಿಕುಪ್ಪದ ಗುಂಡಿಗಳಿದ್ದ ನೆಲದಲ್ಲಿ ಮನುಷ್ಯರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನ ಮೇಲೆ ಬಂತು. ಕಲ್ಲಿನ ದೂಳು ಗಣಿಗಾರರ ಶ್ವಾಸಕೋಶಗಳಲ್ಲಿ ಉಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ನಮ್ಮ ಸಮಾಧಿಭೂಮಿಯ ವ್ಯಾಜ್ಯ ಮಧ್ಯಾಹ್ನದ ಅಳತೆಯಂತೆಯೇ ಇತ್ಯರ್ಥವಾಯಿತು. ಮೊಳದಷ್ಟು ಜಾಗ ಪಕ್ಕದ ಹೊಲದವರಿಗೆ ಹೋಯಿತು, ಕಲ್ಲು ನೆಟ್ಟಾಯಿತು. ಆ ಕಲ್ಲಿನ ಪಕ್ಕದ ಸಾಲಿನಲ್ಲಿ ಮಲಗಿರುವವರಲ್ಲಿ ಹಲವರು ಗಣಿಯಲ್ಲಿ ದುಡಿದು ಕೆಮ್ಮಿಕೊಂಡೇ ಊರಿಗೆ ಮರಳಿದವರು. ಅವರ ಕಥೆಯನ್ನು ವಾಚಕರ ಮನೆಗಳ ಹಿರಿಯರು ನಮಗಿಂತ ಚೆನ್ನಾಗಿ ಬಲ್ಲರು.